ಮಗುವಿಗೆ ಒಂದು ವರ್ಷ, ತಾಯಿಗೆ ಎರಡು ತಿಂಗಳು

ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ. "ಆಸ್ಪತ್ರೇಲಿ ಕೆಲಸ ಅಂತೀಯಲ್ಲ, ನರ್ಸಾ?" ಅಲ್ಲ. "ಮತ್ತೆ, ಡಾಕ್ಟರಾ?" ಅದಂತೂ ಅಲ್ಲವೇ ಅಲ್ಲ. ನಾನು ದಾವಣಗೆರೆಯಲ್ಲಿ ಬಿ.ಕಾಂ. ಮಾಡಿದವಳು. ಈಗ ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಒಂದು ಸಮುದಾಯ ಕ್ಲಿನಿಕ್‌ನಲ್ಲಿ ಅರ್ಜಿ ತುಂಬಿಸಿಕೊಡುವ ಕೆಲಸ ಮಾಡುತ್ತೇನೆ. ನಮ್ಮ ತಾಲ್ಲೂಕು ಕಚೇರಿ ಎದುರು ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂತಿರುತ್ತಾರಲ್ಲ, ಅರ್ಜಿ ಬರೆದುಕೊಡುವವರು, ಹಾಗೆ. ನನಗೆ ಮರದ ಬದಲು ಎ.ಸಿ. ಇದೆ, ಅಷ್ಟೇ.

ನನ್ನ ಕೌಂಟರಿಗೆ ಬರುವವರಲ್ಲಿ ಬಸುರಿಯರು, ಬಾಣಂತಿಯರೇ ಜಾಸ್ತಿ. ಮೆಕ್ಸಿಕೋ, ಎಲ್ ಸಾಲ್ವಡಾರ್ ಕಡೆಯವರು, ಇಲ್ಲಿನ ಕಪ್ಪು ಹೆಣ್ಣುಮಕ್ಕಳು, ನೇಪಾಳದವರು, ಆಗೊಮ್ಮೆ ಈಗೊಮ್ಮೆ ನಮ್ಮವರು. ಇವರಿಗೆ ನಾನು ತುಂಬಿಸಿಕೊಡುವ ಅರ್ಜಿ ಹೆಚ್ಚಾಗಿ ಮೆಡಿಕೈಡ್‌ದು. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಅದು. 1965ರಲ್ಲಿ ಶುರುವಾಯಿತು. ದುಡ್ಡು ಕೇಂದ್ರ ಸ್ವಲ್ಪ, ರಾಜ್ಯ ಸ್ವಲ್ಪ ಹಾಕುತ್ತವೆ. ನಿಯಮ ಮಾತ್ರ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಅಮೆರಿಕದಲ್ಲಿ ಆಗುವ ಹತ್ತು ಹೆರಿಗೆಗಳಲ್ಲಿ ನಾಲ್ಕರ ಖರ್ಚು ಇದರದ್ದೇ. ಟೆಕ್ಸಸ್‌ನಲ್ಲಿ ಹತ್ತಿರಹತ್ತಿರ ಅರ್ಧ.

ಈಗ ಇದನ್ನೆಲ್ಲ ಬರೆಯೋಕೆ ಒಂದು ಕಾರಣ ಇದೆ. ಈ ಸಲ ಯುಗಾದಿ ಊಟದ ಸಾಲಿನಲ್ಲಿ, ಎಲೆ ಮುಂದೆ ಕೂತು ಹೋಳಿಗೆಗೆ ಕಾಯುತ್ತಿದ್ದಾಗ, ಪಕ್ಕದಲ್ಲಿದ್ದ ಸಾಫ್ಟ್‌ವೇರ್ ಅಣ್ಣ ಒಬ್ಬರು ಕೇಳಿದರು: "ಹೆರಿಗೆ ಆದ್ಮೇಲೂ ಒಂದು ವರ್ಷ ಫ್ರೀ ಇನ್ಶೂರೆನ್ಸ್ ಅಂತೆ? ನಮ್ಮ ಟ್ಯಾಕ್ಸ್ ದುಡ್ಡು. ಮೊದಲಿದ್ದ ಎರಡು ತಿಂಗಳು ಸಾಲ್ತಿರಲಿಲ್ವಾ?" ಒಳ್ಳೆಯವರೇ. ಕೇಳಿದ್ದರಲ್ಲಿ ಕೊಂಕು ಇರಲಿಲ್ಲ. ಆದರೆ ಊಟದ ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಹಾಗಾಗಿ ಇಲ್ಲಿ.

ಸಾಲ್ತಿರಲಿಲ್ಲ ಅಣ್ಣ. ಯಾಕೆ ಅಂತ ಹೇಳುತ್ತೇನೆ.

ಹಳೇ ನಿಯಮ ಹೀಗಿತ್ತು. ಬಸುರಿಯಾಗಿದ್ದಾಗ ಮೆಡಿಕೈಡ್ ಸಿಕ್ಕರೆ, ಹೆರಿಗೆಯಾಗಿ 60 ದಿನ ಆಗುವ ತಿಂಗಳ ಕೊನೆವರೆಗೆ ತಾಯಿಗೆ ವಿಮೆ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಮಾತ್ರ ಮೊದಲ ಹುಟ್ಟುಹಬ್ಬದವರೆಗೆ, ಹೊಸ ಅರ್ಜಿಯ ಗೋಜೇ ಇಲ್ಲದೆ. ಒಂದೇ ಮನೆ, ಒಂದೇ ಆದಾಯ, ಒಂದೇ ಹಾಸಿಗೆ. ಮಗುವಿಗೆ ಒಂದು ವರ್ಷ, ತಾಯಿಗೆ ಎರಡು ತಿಂಗಳು. ಮಗು ನೋಡಿಕೊಳ್ಳುವವಳೇ ಬಿದ್ದರೆ ಮಗುವಿನ ಕಾರ್ಡ್ ಇಟ್ಟುಕೊಂಡು ಏನು ಮಾಡೋದು, ಹೇಳಿ.

"ಎರಡು ತಿಂಗಳಾದ ಮೇಲೆ ಬಡವರ ಮೆಡಿಕೈಡ್ ಇದ್ದೇ ಇರುತ್ತಲ್ಲ?" ಅನ್ನಬಹುದು. ಕೆಲವು ರಾಜ್ಯಗಳಲ್ಲಿ ಇರುತ್ತದೆ, ಟೆಕ್ಸಸ್‌ನಲ್ಲಿ ಇಲ್ಲ. ಲೆಕ್ಕ ನೋಡಿ. ಒಂದು ಮಗು ಇರುವ ಒಂಟಿ ತಾಯಿ ಮತ್ತೆ ಬಸುರಾದಳು ಅಂತ ಇಟ್ಟುಕೊಳ್ಳಿ. ಹೊಟ್ಟೆಯಲ್ಲಿರುವುದೂ ಸೇರಿ ಮೂರು ಜನರ ಮನೆ. 2025ರ ಲೆಕ್ಕದಲ್ಲಿ ಅವಳ ಸಂಪಾದನೆ ತಿಂಗಳಿಗೆ 4,400 ಡಾಲರ್ ಆಸುಪಾಸಿನವರೆಗೆ ಇದ್ದರೂ ಬಸುರಿ ಮೆಡಿಕೈಡ್ ಸಿಗುತ್ತದೆ. ಹೆರಿಗೆಯಾಗಿ ಆ ಗಡುವು ಮುಗಿದ ಮೇಲೆ ಅದೇ ಹೆಂಗಸು ಬರೀ "ತಾಯಿ" ಎಂಬ ಲೆಕ್ಕದಲ್ಲಿ ಮೆಡಿಕೈಡ್ ಪಡೆಯಬೇಕೆಂದರೆ ಆದಾಯ ಸುಮಾರು 230 ಡಾಲರ್ ದಾಟಬಾರದು. ತಿಂಗಳಿಗೆ! ಎರಡು ಮಕ್ಕಳನ್ನು ಸಾಕುವವಳಿಗೆ. ಡಲ್ಲಾಸ್‌ನಲ್ಲಿ 230 ಡಾಲರಿಗೆ ಕಾರಿನ ಕಂತೂ ಹುಟ್ಟುವುದಿಲ್ಲ.

ಇನ್ನು ಮಾರುಕಟ್ಟೆಯಲ್ಲಿ ಸರ್ಕಾರದ ಸಬ್ಸಿಡಿ ಜೊತೆ ವಿಮೆ ಕೊಳ್ಳಬಹುದು. ಆದರೆ ಆ ಸಬ್ಸಿಡಿ ಶುರುವಾಗುವುದೇ ಬಡತನ ರೇಖೆಯ ಮೇಲಿನವರಿಗೆ. 230ಕ್ಕಿಂತ ಜಾಸ್ತಿ, ಬಡತನ ರೇಖೆಗಿಂತ ಕಮ್ಮಿ ದುಡಿಯುವವಳಿಗೆ ಅದೂ ಇಲ್ಲ, ಇದೂ ಇಲ್ಲ. ಒಬಾಮಾ ಕಾಲದ ಕಾನೂನಿನಡಿ ಮೆಡಿಕೈಡ್ ವಿಸ್ತರಿಸಲು ಒಪ್ಪದ ರಾಜ್ಯಗಳಲ್ಲಿ ಟೆಕ್ಸಸ್ ಒಂದು. ಅದರ ಬಿಸಿ ತಟ್ಟುವುದು ಇವರಿಗೇ.

2019ರಲ್ಲಿ ಒಬ್ಬಳು ಬಂದಿದ್ದಳು. ಗೋಡೌನ್‌ನಲ್ಲಿ ಪಾರ್ಸೆಲ್ ಜೋಡಿಸುವ ಕೆಲಸ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಎರಡನೇ ಹೆರಿಗೆ. ಮೂರನೇ ವಾರಕ್ಕೆ ಅವಳಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆನ್ನಿಗೆ ಮೂರು ದಿಂಬು ಒತ್ತು ಕೊಟ್ಟು ಕೂತೇ ನಿದ್ದೆ. ಕಾಲು ಊದಿಕೊಂಡಿತ್ತು. ಹಸಿ ಬಾಣಂತಿಗೆ ಇದೆಲ್ಲ ಇದ್ದದ್ದೇ ಅಂತ ಮನೆಯವರು ಸುಮ್ಮನಿದ್ದರು. ಆಸ್ಪತ್ರೆಗೆ ಹೋದರೆ ಹೃದಯದ ಸ್ನಾಯು ಸಡಿಲವಾಗಿದೆ ಅಂದರು. ಹೆರಿಗೆಗೆ ಸ್ವಲ್ಪ ಮುಂಚಿನಿಂದ ಹಿಡಿದು ಹೆರಿಗೆಯಾಗಿ ಐದು ತಿಂಗಳವರೆಗೂ ಬರಬಹುದಾದ ಕಾಯಿಲೆ ಅದು. ಮಾತ್ರೆ ಕೊಟ್ಟು, ಮೂರು ತಿಂಗಳು ಬಿಟ್ಟು ಮತ್ತೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ನೋಡೋಣ ಎಂದು ಚೀಟಿ ಬರೆದುಕೊಟ್ಟಿದ್ದರು.

ಆ ಚೀಟಿಯನ್ನೂ ವಿಮೆಯ ಪತ್ರವನ್ನೂ ಅವಳು ನನ್ನ ಮುಂದೆ ಪಕ್ಕಪಕ್ಕ ಇಟ್ಟಳು. ಚೀಟಿ ಮೇಲೆ ಎಕೋ ತಾರೀಕು, ನವೆಂಬರ್ ಮಧ್ಯ. ಪತ್ರದಲ್ಲಿ ವಿಮೆ ಮುಗಿಯುವ ತಾರೀಕು, ಸೆಪ್ಟೆಂಬರ್ 30. ತಾರೀಕಿನ ಸುತ್ತ ಯಾರೋ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಪತ್ರದ ಅಂಚಲ್ಲಿ ಹಾಲಿನ ಕಲೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಇದರಲ್ಲಿ ಯಾವುದನ್ನ ಬದಲಾಯಿಸಬಹುದು?" ಅಂತ ಕೇಳಿದಳು, ಅಷ್ಟೇ.

ಮಾತ್ರೆಗೆ ತೊಂದರೆ ಇರಲಿಲ್ಲ. ದೊಡ್ಡ ಅಂಗಡಿಗಳ ಔಷಧಿ ಕೌಂಟರಿನಲ್ಲಿ ನಾಲ್ಕು ಡಾಲರ್ ಪಟ್ಟಿ ಅಂತ ಇರುತ್ತದೆ, ಅದರಲ್ಲಿ ಸಿಕ್ಕಿತು. ಎಕೋಗೆ ಏನು ಮಾಡೋದು? ಆಗ ಟೆಕ್ಸಸ್‌ನಲ್ಲಿ ಬಾಣಂತಿ ವಿಮೆ ಮುಗಿದವರನ್ನು "ಹೆಲ್ದಿ ಟೆಕ್ಸಸ್ ವಿಮೆನ್" ಎಂಬ ಇನ್ನೊಂದು ಯೋಜನೆಗೆ ಸೇರಿಸುತ್ತಿದ್ದರು. ಕುಟುಂಬ ಯೋಜನೆ, ಒಂದಿಷ್ಟು ತಪಾಸಣೆ, ಬಿಪಿ ಶುಗರ್‌ಗೆ ಮಾತ್ರೆ. ಹೃದಯದ ಡಾಕ್ಟರು ಅದರೊಳಗೆ ಬರುತ್ತಿರಲಿಲ್ಲ. ಹೃದಯ, ಖಿನ್ನತೆ, ಚಟ ಬಿಡಿಸುವ ಚಿಕಿತ್ಸೆ ಇವನ್ನು ಸೇರಿಸಿದ ದೊಡ್ಡ ಆವೃತ್ತಿ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಇವಳಿಗೆ ಕೌಂಟಿ ಆಸ್ಪತ್ರೆಯ, ಅಂದರೆ ನಮ್ಮ ಜಿಲ್ಲಾಸ್ಪತ್ರೆಯಂಥದ್ದರ, ರಿಯಾಯಿತಿಗೆ ಅರ್ಜಿ ಹಾಕಿದೆವು. ಪೇ ಸ್ಲಿಪ್, ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಮತ್ತೆ ಪೇ ಸ್ಲಿಪ್. ಮೂರನೇ ತಿಂಗಳಲ್ಲಿ ಆಗಬೇಕಾದ ಎಕೋ ಆರನೇ ತಿಂಗಳು ದಾಟಿದ ಮೇಲೆ ಆಯಿತು. ಪುಣ್ಯಕ್ಕೆ ಹೃದಯ ಸುಧಾರಿಸಿತ್ತು. ಎಲ್ಲರಿಗೂ ಹಾಗೆ ಆಗಲ್ಲ.

ಅಣ್ಣನ ಪ್ರಶ್ನೆಗೆ ಇದು ಒಬ್ಬಳ ಕತೆಯಾಯಿತು. ದೇಶದ ಲೆಕ್ಕವೂ ಇದೆ. ಇಲ್ಲಿ ಬಸುರಿ, ಬಾಣಂತಿ ಸತ್ತರೆ ಪ್ರತಿ ಸಾವನ್ನೂ ಕೂತು ಪರಿಶೀಲಿಸಲು ರಾಜ್ಯಗಳಲ್ಲಿ ಸಮಿತಿಗಳಿವೆ. 2017ರಿಂದ 2019ರವರೆಗೆ 36 ರಾಜ್ಯಗಳ ಸಮಿತಿಗಳು ನೋಡಿದ ಸಾವುಗಳನ್ನು ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಟ್ಟು ಹಾಕಿತು. ನೂರಕ್ಕೆ 53 ಸಾವು ಹೆರಿಗೆಯಾಗಿ ಒಂದು ವಾರದಿಂದ ಒಂದು ವರ್ಷದೊಳಗೆ ಆಗಿವೆ. ಹೆರಿಗೆ ಮೇಜಿನ ಮೇಲಲ್ಲ, ಮನೆಗೆ ಹೋದ ಮೇಲೆ. ನೂರಕ್ಕೆ 80ಕ್ಕಿಂತ ಹೆಚ್ಚು ಸಾವು ತಡೆಯಬಹುದಾಗಿದ್ದವು. ಕಾರಣಗಳ ಪಟ್ಟಿಯಲ್ಲಿ ಮೊದಲ ಹೆಸರು ರಕ್ತಸ್ರಾವದ್ದೂ ಅಲ್ಲ, ನಂಜಿನದ್ದೂ ಅಲ್ಲ. ಮನಸ್ಸಿನ ಕಾಯಿಲೆಯದ್ದು. ಆತ್ಮಹತ್ಯೆ, ಮಾದಕ ವಸ್ತುವಿನ ಮಿತಿಮೀರಿದ ಸೇವನೆ ಎಲ್ಲ ಸೇರಿ. ಕಪ್ಪು ಹೆಣ್ಣುಮಕ್ಕಳು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಸಾಯುತ್ತಾರೆ ಎಂಬುದು ಇಲ್ಲಿ ವರ್ಷಾವರ್ಷ ಕೇಳಿಬರುವ ಮಾತು.

ಮನಸ್ಸಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕ್ಲಿನಿಕ್‌ನಲ್ಲಿ ಆರನೇ ವಾರದ ತಪಾಸಣೆಗೆ ಬಂದವರಿಗೆ ಹತ್ತು ಪ್ರಶ್ನೆಯ ಒಂದು ಹಾಳೆ ಕೊಡುತ್ತೇವೆ. ಎಡಿನ್‌ಬರೋ ಪಟ್ಟಿ, 1987ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಮಾಡಿದ್ದು. ನಗು ಬರುತ್ತದಾ, ಕಾರಣ ಇಲ್ಲದೆ ಗಾಬರಿ ಆಗುತ್ತದಾ, ನಿದ್ದೆ ಬರದಷ್ಟು ಬೇಜಾರಾ. ಹತ್ತನೆಯದು: ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ. ಎಷ್ಟೋ ಜನ ಒಂಬತ್ತಕ್ಕೆ ಟಕಟಕ ಟಿಕ್ ಹಾಕಿ, ಹತ್ತನೆಯದನ್ನು ಖಾಲಿ ಬಿಟ್ಟು ಹಾಳೆ ವಾಪಸ್ ಕೊಡುತ್ತಾರೆ. ಖಾಲಿ ಬಿಟ್ಟವರನ್ನು ಒಳಗೆ ಕರೆದು ಮಾತಾಡಿಸಿ ಅಂತ ನಮ್ಮ ಹಿರಿಯ ನರ್ಸ್ ಎಲ್ಲರಿಗೂ ಹೇಳಿಟ್ಟಿದ್ದಾರೆ.

ಈಗ ಹಳೇ ಗಡುವನ್ನು ಇದರ ಪಕ್ಕ ಇಡಿ. ಆರನೇ ವಾರಕ್ಕೆ ಕಾಯಿಲೆ ಗೊತ್ತಾಯಿತು. 42 ದಿನ ಹೋಯಿತು. ಖಿನ್ನತೆಯ ಮಾತ್ರೆ ಕೈಹಿಡಿಯೋಕೆ ನಾಲ್ಕೈದು ವಾರ ಬೇಕು. ಮೊದಲ ಮಾತ್ರೆ ಒಗ್ಗದಿದ್ದರೆ ಬದಲಿಸಬೇಕು. ಮಾತ್ರೆ ಕೆಲಸ ಮಾಡಲು ಶುರು ಮಾಡುವ ಹೊತ್ತಿಗೆ ವಿಮೆ ಮುಗಿದಿರುತ್ತಿತ್ತು, ಇಲ್ಲವೇ ಮುಗಿಯುವುದರಲ್ಲಿರುತ್ತಿತ್ತು. ಖಿನ್ನತೆ ಎಲ್ಲರಿಗೂ ಆರನೇ ವಾರಕ್ಕೇ ಬರುತ್ತದೆ ಎಂದೂ ಇಲ್ಲ. ಊರಿಂದ ಬಂದ ಅಮ್ಮ ವಾಪಸ್ ಹೋದ ಮೇಲೆ, ಕೆಲಸಕ್ಕೆ ಮರಳಿದ ಮೇಲೆ ಕುಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ನಮ್ಮ ಊರಿನ ಲೆಕ್ಕವೂ ಬೇರೆ ಏನಲ್ಲ ಬಿಡಿ. ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ 42 ದಿನದೊಳಗೆ ಆರು ಸಲ ಬರುತ್ತಾಳೆ. ಆಮೇಲೂ ಬರುತ್ತಾಳೆ, ಮೂರನೇ ತಿಂಗಳಿಂದ ಹದಿನೈದನೇ ತಿಂಗಳವರೆಗೆ. ಆದರೆ ಆಗ ಬರುವುದು ಮಗುವಿನ ತೂಕ ನೋಡೋಕೆ. ನನ್ನ ಬಾಣಂತನದಲ್ಲೂ ಅಷ್ಟೇ. ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದರು. ಸೂಟ್‌ಕೇಸ್ ತುಂಬ ಅಂಟಿನುಂಡೆ, ಒಣಶುಂಠಿ, ಓಮ, ಬಾಣಂತಿ ಖಾರ. ಎಣ್ಣೆ ನೀರು, ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಸಾಂಬ್ರಾಣಿ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಂ ಹೊಡೆದುಕೊಂಡಿತು, ಅದು ಬೇರೆ ಕತೆ. ರಾಣಿ ಥರ ನೋಡಿಕೊಂಡರು. ಆದರೆ ಮೂರು ತಿಂಗಳು ತುಂಬಿದ ದಿನದಿಂದ ಊರಿಂದ ಬರುವ ಫೋನೆಲ್ಲ "ಮಗು ಹೇಗಿದೆ?" ಅಂತ ಮಾತ್ರ.

ಸರಿ, ನಿಯಮ ಬದಲಾದ ಕತೆಗೆ ಬರೋಣ. ಇದರ ಶುರು ಕೋವಿಡ್‌ನಲ್ಲಿ. 2020ರ ಮಾರ್ಚ್‌ನಲ್ಲಿ ಕೇಂದ್ರ ಒಂದು ಷರತ್ತು ಹಾಕಿತು: ರಾಜ್ಯಗಳಿಗೆ ಜಾಸ್ತಿ ದುಡ್ಡು ಬೇಕಿದ್ದರೆ ಮೆಡಿಕೈಡ್‌ನಲ್ಲಿರುವ ಯಾರನ್ನೂ ತೆಗೆಯಬಾರದು. ಬಾಣಂತಿಯರೂ ಅದರಲ್ಲೇ ಉಳಿದರು. 2023ರ ಮಾರ್ಚ್ ಕೊನೆವರೆಗೆ ಹೀಗೇ ನಡೆಯಿತು. ಯಾವ ಆಕಾಶವೂ ಕಳಚಿ ಬೀಳಲಿಲ್ಲ. ನಡುವೆ 2021ರ ಮಾರ್ಚ್‌ನಲ್ಲಿ ಬೈಡನ್ ಸಹಿ ಹಾಕಿದ ಪರಿಹಾರ ಕಾನೂನು, ಬೇಕಾದ ರಾಜ್ಯಗಳು 60 ದಿನವನ್ನು 12 ತಿಂಗಳು ಮಾಡಿಕೊಳ್ಳಬಹುದು, ಖರ್ಚಿನ ಪಾಲು ಕೇಂದ್ರ ಕೊಡುತ್ತದೆ ಎಂದಿತು. 2022ರ ಏಪ್ರಿಲ್‌ನಿಂದ ಜಾರಿ, ಐದು ವರ್ಷದ ಅವಧಿ. 2022ರ ಡಿಸೆಂಬರ್‌ನಲ್ಲಿ ಆ ಐದು ವರ್ಷದ ಮಿತಿ ತೆಗೆದು ಕಾಯಂ ಮಾಡಿದರು. 12 ತಿಂಗಳಿಗೆ ಮೊದಲು ಅನುಮತಿ ಪಡೆದ ರಾಜ್ಯ ಇಲಿನಾಯ್, ಅದೂ 2021ರಲ್ಲೇ, ಬೇರೆ ದಾರಿಯಿಂದ.

ನಮ್ಮ ಟೆಕ್ಸಸ್ ಎಳೆದಾಡಿತು. ರಾಜ್ಯದ ಸಾವು ಪರಿಶೀಲನಾ ಸಮಿತಿ ಒಂದು ವರ್ಷ ಕೊಡಿ ಎಂದು ಹೇಳುತ್ತಲೇ ಇತ್ತು. 2021ರಲ್ಲಿ ಕೆಳಮನೆ 12 ತಿಂಗಳು ಅಂದಿತು, ಸೆನೆಟ್ ಅದನ್ನು ಆರಕ್ಕೆ ಇಳಿಸಿತು. ಆರು ತಿಂಗಳ ಆ ಅವತಾರಕ್ಕೆ ಕೇಂದ್ರದ ಒಪ್ಪಿಗೆಯೇ ಸಿಗಲಿಲ್ಲ. 2023ರಲ್ಲಿ ಡಲ್ಲಾಸ್‌ನ ಶಾಸಕಿ ಟೋನಿ ರೋಸ್ ಮತ್ತೆ ಮಸೂದೆ ತಂದರು. ಅದು ಪಾಸಾಯಿತು, ಗವರ್ನರ್ ಗ್ರೆಗ್ ಅಬಟ್ ಸಹಿ ಹಾಕಿದರು. 2024ರ ಮಾರ್ಚ್ 1ರಿಂದ ಜಾರಿ. ಗರ್ಭಪಾತ ನಿಷೇಧಿಸಿದ ರಾಜ್ಯಗಳೂ ಒಂದರ ಹಿಂದೆ ಒಂದು ಇದಕ್ಕೆ ಒಪ್ಪಿದವು. "ಹೆರಲೇಬೇಕು ಅಂತೀರಿ, ಹೆತ್ತ ಮೇಲೆ?" ಎಂಬ ಪ್ರಶ್ನೆಗೆ ಅವರಿಗೂ ಉತ್ತರ ಬೇಕಿತ್ತು. ಯಾವ ಲೆಕ್ಕಾಚಾರದಿಂದ ಕೊಟ್ಟರೂ ನನ್ನ ತಕರಾರಿಲ್ಲ. ಕೊಟ್ಟರಲ್ಲ. 2025ರ ಮಧ್ಯದ ಹೊತ್ತಿಗೆ ಹೊರಗುಳಿದದ್ದು ಅರ್ಕನ್ಸಾ ಮತ್ತು ವಿಸ್ಕಾನ್ಸಿನ್ ಎರಡೇ.

ಹೊಸ ನಿಯಮದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಒಂದಿದೆ. ಆ 12 ತಿಂಗಳಲ್ಲಿ ಆದಾಯ ಏರಿದರೂ ವಿಮೆ ನಿಲ್ಲುವಂತಿಲ್ಲ. ಮೊದಲು ಓವರ್‌ಟೈಮ್ ಮಾಡೋಕೂ ಹೆದರುತ್ತಿದ್ದರು. ಈಗ ಗಂಡನಿಗೆ ಒಂದು ಶಿಫ್ಟ್ ಜಾಸ್ತಿ ಸಿಕ್ಕರೆ ಹೆಂಡತಿಯ ಬಿಪಿ ಮಾತ್ರೆ ನಿಲ್ಲಲ್ಲ.

ಕೌಂಟರಿನಲ್ಲಿ ಆದ ಬದಲಾವಣೆ ಅಂದರೆ ಸಣ್ಣಸಣ್ಣವೇ. ಹೆರಿಗೆಯಾಗಿ ಏಳನೇ ತಿಂಗಳಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಂಡವಳು. ಬಸುರಿಯಲ್ಲಿ ಶುಗರ್ ಬಂದವಳು, ಹೆರಿಗೆಯಾಗಿ ಹನ್ನೊಂದನೇ ವಾರಕ್ಕೆ ನಿಧಾನವಾಗಿ ಬಂದು ಸಕ್ಕರೆ ನೀರು ಕುಡಿದು ಎರಡು ಗಂಟೆ ಬೆಂಚಿನ ಮೇಲೆ ಕೂತು ಪರೀಕ್ಷೆ ಮಾಡಿಸಿಕೊಂಡವಳು. ಈ ಪರೀಕ್ಷೆ ನಾಲ್ಕರಿಂದ ಹನ್ನೆರಡು ವಾರದೊಳಗೆ ಆಗಬೇಕು. ನಮ್ಮ ದೇಶದ ಹೆಂಗಸರು ಇದನ್ನಂತೂ ತಪ್ಪಿಸಲೇಬಾರದು, ಬಸುರಿ ಶುಗರ್ ನಮ್ಮವರಲ್ಲಿ ಜಾಸ್ತಿ. ಹಳೇ ಗಡುವಿನಲ್ಲಿ ಎಂಟನೇ ವಾರ ದಾಟಿದರೆ ಗಡಿಬಿಡಿ ಶುರುವಾಗುತ್ತಿತ್ತು.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಕಾರ್ಡ್ ಇದ್ದರೂ ಮೆಡಿಕೈಡ್ ತೆಗೆದುಕೊಳ್ಳುವ ಮನೋವೈದ್ಯರನ್ನು ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅದಕ್ಕಿಂತ ನನ್ನ ಹೊಟ್ಟೆ ಉರಿಸುವುದು ಇನ್ನೊಂದು ಗುಂಪಿನ ಪಾಡು. ಅದರಲ್ಲಿ ನಮ್ಮವರೂ ಇದ್ದಾರೆ.

ಹಾಸನ ಕಡೆಯ ಒಬ್ಬ ಹುಡುಗಿ. ಗಂಡ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ, ಇವಳು ಅವನ ಮೇಲೆ ಅವಲಂಬಿತ ವೀಸಾದಲ್ಲಿದ್ದಾಳೆ. ಕೆಲಸ ಮಾಡುವಂತಿಲ್ಲ. ಗಂಡನ ಸ್ಟೈಪೆಂಡ್‌ನಲ್ಲಿ ಬಾಡಿಗೆ ಕಟ್ಟಿದರೆ ಉಳಿಯುವುದು ಅಷ್ಟಕ್ಕಷ್ಟೇ. ಟೆಕ್ಸಸ್‌ನಲ್ಲಿ ಇಂಥವರಿಗೆ ಬಸುರಿ ಮೆಡಿಕೈಡ್ ಇಲ್ಲ. ಬದಲಿಗೆ ಚಿಪ್ ಪೆರಿನೇಟಲ್ ಎಂಬ ಯೋಜನೆ ಇದೆ, 2007ರಿಂದ. ಅದರ ಮರ್ಮ ಕೇಳಿ. ವಿಮೆ ಇರುವುದು ತಾಯಿಗಲ್ಲ, ಹೊಟ್ಟೆಯೊಳಗಿನ ಮಗುವಿಗೆ. 2002ರ ಕೇಂದ್ರದ ನಿಯಮವೊಂದು ಹುಟ್ಟದ ಮಗುವನ್ನೂ ಮಗು ಎಂದು ಲೆಕ್ಕ ಹಿಡಿಯಲು ಅವಕಾಶ ಕೊಟ್ಟಿತು. ಅದರ ಪುಣ್ಯದಿಂದ ಬಸುರಿಗೆ ತಪಾಸಣೆ ಸಿಗುತ್ತದೆ. ಮಗು ಹೊರಗೆ ಬಂದ ಮೇಲೆ ತಾಯಿಗೆ ಎರಡು ಭೇಟಿ, 60 ದಿನದೊಳಗೆ. ಮುಗಿಯಿತು. 2024ರ ಬದಲಾವಣೆ ಇವರ ಹತ್ತಿರವೂ ಸುಳಿಯಲಿಲ್ಲ.

ಅವಳಿಗೆ ಹೆರಿಗೆಯ ಹೊತ್ತಿಗೆ ಬಿಪಿ ಏರಿತ್ತು. ಎರಡನೇ ಭೇಟಿಯಲ್ಲೂ ಇಳಿದಿರಲಿಲ್ಲ. "ಮೂರನೇ ಸಲ ಯಾವಾಗ ಬರಲಿ ಅಕ್ಕ?" ಅಂದಳು. ನಮ್ಮ ಕ್ಲಿನಿಕ್‌ನಲ್ಲಿ ಆದಾಯ ನೋಡಿ ಫೀಸು ಕಮ್ಮಿ ಮಾಡುವ ಪದ್ಧತಿ ಇರುವುದರಿಂದ ಅವಳ ಬಿಪಿ ನೋಡುವುದು ನಿಲ್ಲಲಿಲ್ಲ. ಪಕ್ಕದಲ್ಲಿ ಇಂಥ ಕ್ಲಿನಿಕ್ ಇಲ್ಲದ ಊರಿನವರು ಏನು ಮಾಡಬೇಕು? ಟೆಕ್ಸಸ್ ಮನಸ್ಸು ಮಾಡಿದರೆ ಕಾನೂನುಬದ್ಧವಾಗಿ ಇರುವ ಇಂಥ ಬಸುರಿಯರನ್ನು ಮೆಡಿಕೈಡ್‌ಗೇ ಸೇರಿಸಬಹುದು. 2009ರಿಂದ ಕೇಂದ್ರ ಆ ದಾರಿ ತೆರೆದಿಟ್ಟಿದೆ. ಎಷ್ಟೋ ರಾಜ್ಯಗಳು ಸೇರಿಸಿವೆ. ಇಲ್ಲಿ ಮಕ್ಕಳನ್ನು ಸೇರಿಸಿದರು, ತಾಯಂದಿರನ್ನು ಬಿಟ್ಟರು.

ಹಾಗಾಗಿ ಅಣ್ಣ, ಒಂದು ವರ್ಷ ಜಾಸ್ತಿ ಆಯಿತು ಅಂತ ನನಗೆ ಅನಿಸಲ್ಲ. ಬಿಟ್ಟುಹೋದವರು ಇನ್ನೂ ಇದ್ದಾರೆ ಅಂತ ಅನಿಸುತ್ತದೆ. ನಿಮ್ಮ ಟ್ಯಾಕ್ಸ್ ದುಡ್ಡಿನ ಜೊತೆ ನನ್ನದೂ ಇದೆ, ಅದಕ್ಕೇ ಹೇಳಿದೆ.

ಕೊನೆಗೆ, ಓದುವವರಲ್ಲಿ ಯಾರಿಗಾದರೂ ಬೇಕಾದೀತು ಅಂತ ಕೆಲಸಕ್ಕೆ ಬರುವ ನಾಲ್ಕು ಮಾತು. ಟೆಕ್ಸಸ್‌ನಲ್ಲಿ ಬಸುರಿ ಮೆಡಿಕೈಡ್ ಇದ್ದವರಿಗೆ 12 ತಿಂಗಳಿಗೆ ಬೇರೆ ಅರ್ಜಿ ಬೇಡ, ಆದರೆ ಹೆರಿಗೆ ಆದದ್ದನ್ನು ತಿಳಿಸಿ, ಮನೆ ಬದಲಿಸಿದರೆ ವಿಳಾಸ ತಿಳಿಸಿ. ಪತ್ರ ಹಳೇ ವಿಳಾಸಕ್ಕೆ ಹೋಗಿ ಕೇಸು ಮುಚ್ಚಿಹೋದವರು ಬೇಕಾದಷ್ಟಿದ್ದಾರೆ. ಚಿಪ್ ಪೆರಿನೇಟಲ್‌ನವರು ಹೆರಿಗೆಗೆ ಹೋಗುವಾಗ ಎಚ್3038-ಪಿ ಫಾರಂ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಆದಾಯ ಕಮ್ಮಿ ಇರುವವರಿಗೆ ಹೆರಿಗೆಗೆ ಮುಂಚೆಯೇ ಅದು ಅಂಚೆಯಲ್ಲಿ ಬರುತ್ತದೆ. ಆಸ್ಪತ್ರೆಯಲ್ಲಿ ಸಹಿ ಮಾಡಿಸಿ ವಾಪಸ್ ಕಳಿಸದಿದ್ದರೆ ಆಸ್ಪತ್ರೆ ಬಿಲ್ಲು ನಿಮ್ಮ ತಲೆಗೇ. ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತಾ ಎಂಬ ಭಯ ಇದ್ದರೆ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ, ವಲಸೆ ವಕೀಲರನ್ನು ಕೇಳಿ. ಮನಸ್ಸು ಸರಿಯಿಲ್ಲದಿದ್ದರೆ ಅಮೆರಿಕದ ಯಾವ ಮೂಲೆಯಿಂದಲೂ 1-833-852-6262ಕ್ಕೆ ಫೋನ್ ಮಾಡಬಹುದು, ಹಗಲು ರಾತ್ರಿ, ವಿಮೆ ಇಲ್ಲದವರೂ. ಟೆಕ್ಸಸ್‌ನ ಅರ್ಜಿ ವಿಚಾರಕ್ಕೆ 2-1-1. ಫೋನ್ ಎತ್ತಿದವರಿಗೆ "ಕನ್ನಡ" ಅಂತ ಹೇಳಿ, ದುಭಾಷಿಯನ್ನು ಕೇಳಿ. ಲೈನಿನಲ್ಲಿ ಕಾಯಿಸುತ್ತಾರೆ, ಕೆಲವು ಸಲ ತೆಲುಗಿನವರನ್ನು ಕೊಡಲು ನೋಡುತ್ತಾರೆ. ಒಪ್ಪಬೇಡಿ, ಕಾಯಿರಿ.